ದಪ್ಪ ರೊಟ್ಟಿಯ ಚಿತ್ರ

ಇವತ್ತು ಬೆಳಿಗ್ಗೆ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಒಂದು ಹಳೆಯ ಕಾರ್ಡು ಸಿಕ್ಕಿತು. ಹಿಟ್ಟಿನ ವಾಸನೆ ಹಿಡಿದುಕೊಂಡಿದೆ. ಅದರ ಮೇಲೆ ನಾನೇ ಬರೆದ ರೊಟ್ಟಿಯ ಚಿತ್ರ. ನೋಡಿ ನಕ್ಕುಬಿಟ್ಟೆ. ಯಾಕೆ ಅಂತೀರಾ? ಕೇಳಿ.

ನನ್ನದು ಗ್ರಾಫಿಕ್ ಡಿಸೈನ್ ಕೆಲಸ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಗಳ ಡಬ್ಬಗಳಿಗೆ ಲೇಬಲ್ ಮಾಡುವುದು ಹೊಟ್ಟೆಪಾಡು. ನೆಂಟರ ಮದುವೆ ಕಾರ್ಡು, ಗೆಳೆಯರ ಮನೆಯ ನಾಮಫಲಕ, ಇವೆಲ್ಲ ಪ್ರೀತಿಯ ಕೆಲಸ, ಅಂದರೆ ಬಿಟ್ಟಿ. ಹಿತ್ತಲ ಗಿಡ ಮದ್ದಲ್ಲವಂತೆ. ನಮ್ಮ ಪುಣೆಯ ಕನ್ನಡ ಬಳಗಕ್ಕೆ ಈ ಗಾದೆಯನ್ನು ಯಾರೂ ಹೇಳಿದಂತಿಲ್ಲ. "ಹೆಸರ ಹಾಕೂದಷ್ಟ ಅದರಿ, ಐದ ಮಿನಿಟಿನ ಕೆಲಸ" ಎಂದು ಫೋನ್ ಮಾಡುತ್ತಾರೆ. ಗೊಣಗುತ್ತಲೇ ಮಾಡಿಕೊಡುತ್ತೇನೆ, ಒಳಗೊಳಗೇ ಹಿಗ್ಗುತ್ತೇನೆ.

ಅವ್ವನಿಗೆ ಮಾಡಿದ ಕಾರ್ಡುಗಳ ಮಾತು ಬೇರೆ. ಕೆಲವು ವರ್ಷಗಳ ಹಿಂದೆ ಅವಳಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಮಾತು ಹೋಯಿತು. ಆಮೇಲೆ ಮರಳಿದ್ದು ಮರಾಠಿಯಲ್ಲಿ. ಪೇಟೆಯಲ್ಲಿ, ನೆರೆಯವರೊಡನೆ ಇಷ್ಟು ವರ್ಷ ಆಡಿದ ಭಾಷೆ, ಬರಲಿ ಬಿಡಿ. ಆದರೆ ನಾನು ಕೋಣೆಗೆ ಹೋದರೂ "ಯಾ, ಬಸಾ" ಎನ್ನುತ್ತಿದ್ದಳು. ಬನ್ನಿ, ಕೂತುಕೊಳ್ಳಿ ಅಂತ. ಹೆತ್ತ ಮಗನಿಗೆ ಬಹುವಚನ! ಹುಟ್ಟಿದಾಗಿನಿಂದ "ಲೇ" ಎಂದು ಕರೆಸಿಕೊಂಡವನಿಗೆ ಆ ಮರ್ಯಾದೆ ತಡೆಯಲಾಗಲಿಲ್ಲ. ಹೊರಗೆ ಬಂದು ಅತ್ತುಬಿಟ್ಟೆ.

ಚಿತ್ರ ತೋರಿಸಿ ಹೆಸರು ಹೇಳಿಸಿ ಎಂದು ಆಸ್ಪತ್ರೆಯವರು ಕಾರ್ಡು ಕೊಟ್ಟಿದ್ದರು. ಆ ಸೇಬು, ಆನೆ ಅವ್ವನಿಗೇಕೆ? ನಾನೇ ಕೂತು ನಮ್ಮ ಮನೆಯದನ್ನೇ ಬರೆದೆ: ಹಂಚು, ಕೌದಿ, ಅಪ್ಪನ ಕೊಡೆ. ದಿನಾ ಸಂಜೆ ತೋರಿಸುತ್ತಿದ್ದೆ. ಅವ್ವ "ಛಾನ್ ಆಹೆ" ಅನ್ನುತ್ತಿದ್ದಳು. ಚೆನ್ನಾಗಿದೆಯಂತೆ. ಗಿರಾಕಿಗಳ ಬಾಯಲ್ಲಿ ಈ ಮಾತು ಕೇಳಲು ಸಾಯುತ್ತೇನೆ. ಅವ್ವನ ಬಾಯಲ್ಲಿ ಬೇಡವಾಗಿತ್ತು.

ಒಂದು ಸಂಜೆ ರೊಟ್ಟಿಯ ಕಾರ್ಡು ಹಿಡಿದೆ. ಅವ್ವ ಅದನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಹುಬ್ಬು ಗಂಟಾಯಿತು.

"ಏನಲೇ ಇದು? ಇಷ್ಟ ದಪ್ಪ... ರೊಟ್ಟಿ ಯಾರ ಬಡೀತಾರ?"

ಆಫೀಸಿನ ಹತ್ತಿರದ ಖಾನಾವಳಿಯ ದಪ್ಪನೆಯ ಮರಾಠಿ ಭಾಕ್ರಿ ತಿಂದು ತಿಂದು ನಾನು ಬರೆದದ್ದು ಅದನ್ನೇ. ನಮ್ಮ ರೊಟ್ಟಿ ಕಾಗದದ ಹಾಗೆ ತೆಳ್ಳಗಿರಬೇಕು. ಅವ್ವನ ಮಗನಾಗಿ ನಾಚಿಕೆಪಡಬೇಕಿತ್ತು. ನಾನು "ಇನ್ನೊಮ್ಮೆ ಬೈಯವಾ" ಅಂದೆ.

"ಹುಚ್ಚ ಅದಿ ಏನ?" ಅಂದಳು. ಅವತ್ತಿನಿಂದ ಕನ್ನಡ ಒಂದೊಂದೇ ಮಾತಾಗಿ ಮನೆಗೆ ಬಂತು, ಹೆಚ್ಚಾಗಿ ಬೈಗುಳದ ರೂಪದಲ್ಲಿ.

ನಿನ್ನೆ ಗೆಳೆಯನೊಬ್ಬ ಫೋನ್ ಮಾಡಿದ. ಅವನ ತಂದೆ ಇಲ್ಲಿ ಉಡುಪಿ ಹೋಟೆಲ್ ನಡೆಸಿದವರು; ಅವರಿಗೂ ಈಗ ಲಕ್ವಾ, ಮಾತಿಲ್ಲ. ಅಂಥವೇ ಕಾರ್ಡು ಬೇಕಂತೆ. "ಅಪ್ಪನಿಗೆ ಏನು ಕಂಡರೆ ಸಿಟ್ಟು ಬರುತ್ತಿತ್ತು?" ಎಂದು ಮೊದಲು ಕೇಳಿದೆ. "ಸೀದ ದೋಸೆ" ಅಂದ.

ಹಳೆಯ ಕಾರ್ಡನ್ನು ಮೇಜಿನ ಮೇಲೆ ಒರಗಿಸಿಟ್ಟು ಈಗ ಆ ಸೀದ ದೋಸೆಯನ್ನೇ ಬರೆಯುತ್ತಿದ್ದೇನೆ. ಅವ್ವ ಹಿಂದಿನಿಂದ ಬಗ್ಗಿ ನೋಡಿದಳು.

"ದ್ವಾಸಿ ಕರ್ರಗ ಆಗೇದಲ್ಲೋ, ಕಾಣೂದಿಲ್ಲೇನ?"

"ಕಾಣತದವಾ," ಅಂದೆ. "ಹಂಗ ಇರಲಿ."