ಕೂಸನ್ನೇ ಅವ್ವಾ ಎನ್ನುವ ಜನ

ಜರ್ಮನಿ ನಮ್ಮಂಥ ಎಂಜಿನಿಯರುಗಳಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ. ನಾವು ಅಲ್ಲಿನ ಫೊಯರ್‌ಬಾಕ್‌ಗೆ ಬಂದಾಗ ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಮಾತು ಬಂದಾಗ ಬಂದದ್ದು ಕಿಂಡರ್‌ಗಾರ್ಟನ್ನಿನ ಜರ್ಮನ್. ನಾವು ಕನ್ನಡದಲ್ಲಿ ಕೇಳಿದರೂ ಉತ್ತರ ಅದರಲ್ಲೇ. ಅಂಥದರಲ್ಲಿ ನನ್ನ ಅವ್ವ ಮೊಮ್ಮಗಳ ಜೊತೆ ಬೇಸಿಗೆ ಕಳೆಯಲು ಧಾರವಾಡದಿಂದ ಹೊರಟು ನಿಂತಳು.

"ಅತ್ತಿ ಮಾತಾಡ್ಸಿದ್ರ ಇಕಿ ಕನ್ನಡದಾಗ ಬಾಯೇ ಬಿಡಂಗಿಲ್ಲ. ಅವರಿಗೆ ಎಷ್ಟ್ ಕೆಟ್ಟ ಅನಸ್ತದ ನೋಡ್ರಿ," ಎಂದು ಹೆಂಡತಿಯ ಚಿಂತೆ.

"ತಾನ ಬಿಡ್ತಾಳ ತಗೋ," ಎಂದೆ. ಅನುಮಾನ ಎನ್ನುವುದು ನನಗೆ ಹುಟ್ಟಿನಿಂದಲೇ ಕಡಿಮೆ.

ಮೇಲಿನ ಮನೆಯಲ್ಲಿ ರೊಮೇನಿಯಾದ ವೃದ್ಧೆಯೊಬ್ಬರಿದ್ದರು. ಅಲ್ಲಿ ಹಳೆಯ ಸಾಹಿತ್ಯ ಪಾಠ ಮಾಡಿ ನಿವೃತ್ತರಾಗಿ ಮಗನ ಬಳಿ ಬಂದವರು. ಮೆಟ್ಟಿಲು ಗುಡಿಸುವ ವಾರದ ಪಾಳಿ, ಕೇರ್‌ವೋಖೆ, ನಮ್ಮದಿದ್ದಾಗ ಪೊರಕೆ ಹಿಡಿದ ನನ್ನನ್ನು ನಿಲ್ಲಿಸಿ ಜರ್ಮನ್ನಿನಲ್ಲೇ ಪಾಠ ಶುರು ಮಾಡುತ್ತಿದ್ದರು. ಅವರ ನಾಡಿನ ಹಳೆಯ ಬರಹಗಳಲ್ಲಿ ಕಂಡದ್ದೆಲ್ಲವೂ ಪುಟ್ಟದಂತೆ. ಅಮ್ಮ ಅಲ್ಲಿ 'ಮಯ್ಕುತ್ಸ', ಪುಟ್ಟಮ್ಮ. ಬೆಂಕಿ 'ಫೊಕುಶೋರ್', ಪುಟ್ಟ ಬೆಂಕಿ.

"ಬರೀ ಮುದ್ದಿಗಲ್ಲ," ಎಂದರು. "ಹೆದರಿಸುವುದನ್ನೂ ಪುಟ್ಟದು ಮಾಡಿಕೊಂಡರೆ ಮಡಿಲಿಗೆ ಎತ್ತಿಕೊಳ್ಳಬಹುದು."

"ನಮ್ಮ ಕಡೆ ಉಲ್ಟಾ. ಹಾಲು ಕುಡಿಯುವ ಹೆಣ್ಣುಕೂಸಿಗೂ ಅವ್ವಾ ಅಂತೀವಿ, ಗಂಡಾದರೆ ಅಪ್ಪಾ."

"ಪಾಪ, ಅಷ್ಟು ಚಿಕ್ಕ ಹೆಗಲಿಗೆ ಅಷ್ಟು ಭಾರವೇ?"

"ಹೊರುತ್ತವೆ," ಎಂದು ನಾನು ಗುಡಿಸತೊಡಗಿದೆ. ಅವರು ಒಪ್ಪಲಿಲ್ಲ.

ಅವ್ವ ಬಂದಳು. "ಬಾ ನಮ್ಮವ್ವಾ, ಉಣ್ಣು ನಮ್ಮವ್ವಾ," ಬೆಳಗಿನಿಂದ ಸಂಜೆಯವರೆಗೆ ಅದೇ. ಮಗಳು ಬಿದ್ದು ಮೊಣಕಾಲು ತರಚಿಕೊಂಡರೆ ಅದರ ಮೇಲೆ ಊದಿ, "ಏನೂ ಆಗಿಲ್ಲ ನಮ್ಮವ್ವಾ, ಅಳಬ್ಯಾಡ," ಎನ್ನುತ್ತಿದ್ದಳು. ಮಗಳು ಅವಳ ತೊಡೆಯ ಮೇಲೆ ಕೂರುತ್ತಿದ್ದಳು, ಕೊಟ್ಟದ್ದು ತಿನ್ನುತ್ತಿದ್ದಳು. ಮಾತು ಮಾತ್ರ ಜರ್ಮನ್.

"ಕೂಸಿನ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಅದಕ್ಕ ಬ್ಯಾಡಾಗೇದ. ಯಾಕರ ಬಂದ್ನೋ," ಎಂದು ಅವ್ವ ಒಂದು ಮಧ್ಯಾಹ್ನ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಂಕಟವಾಯಿತು. ಹೆಂಡತಿ ನನ್ನತ್ತ ನೋಡಿದಳು.

ಮರುದಿನ ರೊಟ್ಟಿ ಮುಗಿಸಿ ಹಂಚು ಇಳಿಸಿದ ಅವ್ವ, ಕರೆಂಟಿನ ಒಲೆ ಒರೆಸಲು ಅದರ ಗಾಜಿನ ಮೇಲೆ ಕೈಯಿಟ್ಟಳು. ಉರಿ ಕಾಣದಿದ್ದರೆ ಒಲೆ ಆರಿದೆ ಎಂದೇ ಅವಳು ತಿಳಿದಿದ್ದಳು. "ಯವ್ವಾ!" ಎಂದು ಚೀರಿದಳು.

ನಾನು ನಳ ತಿರುಗಿಸುವಷ್ಟರಲ್ಲಿ ಮಗಳು ಓಡಿ ಬಂದಿದ್ದಳು. ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಫೂ ಎಂದು ಊದಿದಳು.

"ಏನೂ ಆಗಿಲ್ಲ ನಮ್ಮವ್ವಾ, ಅಳಬ್ಯಾಡ."

ಅಪ್ಪಟ ಧಾರವಾಡದ ಮಾತು. ಹೆಂಡತಿ ಮುಲಾಮು ಹುಡುಕುವುದನ್ನು ಬಿಟ್ಟು ನಿಂತಳು. ಅವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗು.

"ಯವ್ವಾ, ನೀರಿಗೆ ಹಿಡಿ, ಗುಳ್ಳಿ ಬರ್ತದ," ಎಂದೆ.

"ಬರ್ಲಿ ಬಿಡೋ," ಎಂದಳು. "ಇನ್ನೊಂಚೂರು ಊದಲಿ ನನ್ನವ್ವ."