ಅಚ್ಚಾಗದ ಗದ್ಯಭಾಗ

ನಮ್ಮ ಚಿಕ್ಕಮ್ಮನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಹೈಸ್ಕೂಲು ಮಕ್ಕಳಿಗೆ ಓದಿದ್ದು ತಲೆಗೆ ಹೋಗುತ್ತದೋ ಇಲ್ಲವೋ ಅಂತ ಅಳೆಯುವ ಪರೀಕ್ಷೆಯೊಂದಿದೆ. ಎಲ್ಲ ಶಾಲೆಗಳಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಮೇಲೆ ಒಂದು ಗದ್ಯಭಾಗ, ಕೆಳಗೆ ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ; ಸರಿಯಾದದ್ದಕ್ಕೆ ಗುರುತು ಹಾಕಬೇಕು. ಆ ಗದ್ಯಭಾಗ ಬರೆಯುವವರು ನಮ್ಮ ಚಿಕ್ಕಮ್ಮ. ಪರೀಕ್ಷಾ ಕಚೇರಿಯಲ್ಲಿ ಅವರಿಗೆ 'ಗದ್ಯದಮ್ಮ' ಅಂತಲೇ ಹೆಸರು.

ಬರೆಯುವುದೇನೋ ಅವರಿಗೆ ನೀರು ಕುಡಿದ ಹಾಗೆ. ಬರೆದದ್ದನ್ನು ಓದಿ ತಿದ್ದಲು ಕಚೇರಿಯಲ್ಲಿ ಒಂದು ಸಮಿತಿ ಇತ್ತು; ಅದರ ಕೈಯಿಂದ ಗದ್ಯವನ್ನು ಬಿಡಿಸಿಕೊಂಡು ಬರುವುದರಲ್ಲಿ ಜೀವ ಹೋಗುತ್ತಿತ್ತು. ಒಂದು ವರ್ಷ ಅವರು ಚಿಕ್ಕಪ್ಪನ ಕಥೆಯನ್ನೇ ಬರೆದರು. ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಒಮ್ಮೆ ರಿಪೇರಿ ಮಾಡಲು ಹೋದ ಲಿಫ್ಟಿನಲ್ಲೇ ಸಿಕ್ಕಿಹಾಕಿಕೊಂಡಿದ್ದರು, ಜೊತೆಗೆ ಒಬ್ಬ ಮುದುಕಿ. "ಆ ಹಾಳು ಮೆಕ್ಯಾನಿಕ್ ಎಲ್ಲಿ ಸತ್ತಿದ್ದಾನೋ!" ಅಂತ ಮುದುಕಿ ಬೈಯತೊಡಗಿದಾಗ ಚಿಕ್ಕಪ್ಪ ತಾನು ಯಾರು ಅಂತ ಬಾಯಿ ಬಿಡಲಿಲ್ಲ. ಬದಲಿಗೆ ಅವಳ ಜೊತೆ ಸೇರಿಕೊಂಡು ಮೆಕ್ಯಾನಿಕ್‌ನನ್ನು ಹಿಗ್ಗಾಮುಗ್ಗಾ ಬೈದರು.

ಪ್ರಶ್ನೆ: ಮೆಕ್ಯಾನಿಕ್ ತಾನು ಯಾರೆಂದು ಏಕೆ ಹೇಳಲಿಲ್ಲ? ಚಿಕ್ಕಮ್ಮ ನಾಚಿಕೆ, ಹೆದರಿಕೆ, ಮರೆವು ಅಂತ ಮೂರು ಉತ್ತರ ಬರೆದರು. ನಾಲ್ಕನೆಯದನ್ನು ಸಮಿತಿಯೇ ಸೇರಿಸಿತು: 'ಹಿರಿಯರ ಮನಸ್ಸಿಗೆ ನೋವಾಗಬಾರದೆಂಬ ಸದುದ್ದೇಶದಿಂದ.' ಅದೇ ಸರಿಯುತ್ತರ ಅಂತ ತೀರ್ಮಾನವೂ ಆಯಿತು.

ಪ್ರೆಸ್ಸಿನಲ್ಲಿ ಏನಾಯಿತೋ, ಗದ್ಯಭಾಗ ಅಚ್ಚಾಗಲೇ ಇಲ್ಲ. 'ಕೆಳಗಿನ ಗದ್ಯವನ್ನು ಗಮನವಿಟ್ಟು ಓದಿ' ಅನ್ನುವ ಸಾಲು, ಅದರ ಕೆಳಗೆ ಬಿಳಿ ಜಾಗ, ಆಮೇಲೆ ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿಯೂ ಎದ್ದು ನಿಂತು ಕೇಳಲಿಲ್ಲ, ಒಬ್ಬ ಮೇಲ್ವಿಚಾರಕನೂ ಕಣ್ಣೆತ್ತಿ ನೋಡಲಿಲ್ಲ. ಫಲಿತಾಂಶ ಬಂದಾಗ ನೋಡಿದರೆ, ಪರೀಕ್ಷೆ ಶುರುವಾದಾಗಿನಿಂದ ಯಾವ ಗದ್ಯಕ್ಕೂ ಬರದಷ್ಟು ಅಂಕ!

ಕಚೇರಿಯ ನಿರ್ದೇಶಕರು ಖುಷಿಗೆ ಬಿಸ್ಕತ್ತು ತರಿಸಿದರು.

"ಸಾರ್, ಗದ್ಯವೇ ಇರಲಿಲ್ವಲ್ಲ," ಅಂದರು ಚಿಕ್ಕಮ್ಮ.

"ಅದೇ ಅದರ ಸೊಗಸು ಮೇಡಂ! ಎಷ್ಟು ಸರಳ! ನೀವು ಇಷ್ಟು ವರ್ಷ ಬರೆದದ್ದರಲ್ಲಿ ಇದೇ ಚೆನ್ನಾಗಿರೋದು."

ಚಿಕ್ಕಮ್ಮ ಬಿಸ್ಕತ್ತು ಮುಟ್ಟಲಿಲ್ಲ. ಮಾರನೇ ದಿನ ರಜೆ ಹಾಕಿ ಹತ್ತಿರದ ಒಂದು ಶಾಲೆಗೆ ಹೋದರು. ಒಂಬತ್ತನೇ ತರಗತಿಯಲ್ಲಿ ನಿಂತು, "ಓದದೆ ಹೇಗ್ರೋ ಉತ್ತರ ಬರೆದ್ರಿ?" ಅಂತ ಕೇಳಿದರು.

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಗೆ ಪಾಪ ಅನ್ನಿಸಿರಬೇಕು. "ಉದ್ದ ಇರೋದೇ ಸರಿಯುತ್ತರ ಮಿಸ್. ಅದರಲ್ಲಿ ಒಳ್ಳೇ ಬುದ್ಧಿ ಇದ್ರಂತೂ ಯೋಚನೆನೇ ಮಾಡ್ಬಾರ್ದು," ಅಂದಳು. ಆಮೇಲೆ ಅವಳೇ ಕೇಳಿದಳು, "ಆದ್ರೆ ಮಿಸ್, ಆ ಮೆಕ್ಯಾನಿಕ್‌ಗೆ ಏನಾಗಿತ್ತು?"

ಚಿಕ್ಕಮ್ಮ ಪೂರ್ತಿ ಕಥೆ ಓದಿ ಹೇಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದರೆ ಇಡೀ ತರಗತಿ ಹೊಡೆದಾಟಕ್ಕೆ ಬಂತು. ನಾಚಿಕೆ ಅಂದರು ಕೆಲವರು, ಹೆದರಿಕೆ ಅಂದರು ಕೆಲವರು. "ಬೈಯೋದ್ರಲ್ಲಿ ಮಜಾ ಬಂದಿರುತ್ತೆ," ಅಂದಳು ಎರಡು ಜಡೆಯವಳು. ಸದುದ್ದೇಶ ಅಂತ ಒಬ್ಬರೂ ಅನ್ನಲಿಲ್ಲ. ಕಥೆ ಓದದೆ ಪಾಸಾದವರೆಲ್ಲ ಕೇಳಿದ ಮೇಲೆ ಫೇಲಾದರು.

ಅವತ್ತು ಸಂಜೆ ಚಿಕ್ಕಮ್ಮ ಚಿಕ್ಕಪ್ಪನನ್ನೇ ಹಿಡಿದು ಕೂರಿಸಿದರು. "ನಿಜ ಹೇಳಿ. ಯಾಕೆ ಹೇಳ್ಲಿಲ್ಲ ನೀವು?"

"ನಿಜ ಹೇಳ್ಲಾ? ಬೈತಾ ಬೈತಾ ನಂಗೂ ಆ ಮೆಕ್ಯಾನಿಕ್ ಮೇಲೆ ಸಿಟ್ಟು ಬಂದಿತ್ತು ಕಣೇ," ಅಂದರು ಚಿಕ್ಕಪ್ಪ.

ನಾನು ಅಲ್ಲೇ ಇದ್ದೆ. ಚಿಕ್ಕಮ್ಮ ಅಷ್ಟು ನಕ್ಕಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ನಡೆದದ್ದನ್ನೆಲ್ಲ ಅವರು ಕಚೇರಿಯಲ್ಲಿ ವರದಿ ಮಾಡಿದರು. ಸಮಿತಿ ಗಂಭೀರವಾಗಿ ಚರ್ಚಿಸಿತು. ಗದ್ಯ ಓದಿದರೆ ಅಂಕ ಕುಸಿಯುತ್ತದೆ ಅಂತ ಸಾಬೀತಾದ್ದರಿಂದ, ಇನ್ನು ಮುಂದೆ ಗದ್ಯವನ್ನು ಮುದ್ರಿಸತಕ್ಕದ್ದಲ್ಲ ಅಂತ ಆದೇಶ ಹೊರಟಿತು. ಆದರೆ ಹುದ್ದೆ ರದ್ದು ಮಾಡುವ ಅಧಿಕಾರ ಯಾರಿಗಿದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಬರೆಯುವ ಕೆಲಸ ಮುಂದುವರಿಯಿತು. ಮುದ್ರಣವಾಗದ ಗದ್ಯವನ್ನು ತಿದ್ದಿ ಏನು ಪ್ರಯೋಜನ ಅಂತ ಸಮಿತಿ ಓದುವುದನ್ನೂ ಬಿಟ್ಟಿತು.

ಚಿಕ್ಕಮ್ಮ ಈಗ ಮನಸ್ಸಿಗೆ ಬಂದದ್ದನ್ನು ಬರೆಯುತ್ತಾರೆ. ಜಗಳಗಂಟಿ ಸೊಸೆ, ಸುಳ್ಳು ಹೇಳುವ ಡಾಕ್ಟರು, ಪರೀಕ್ಷೆಯಲ್ಲಿ ನಿದ್ದೆ ಹೋದ ಮೇಷ್ಟ್ರು. ಶನಿವಾರ ಅದೇ ಶಾಲೆಗೆ ಹೋಗಿ ಓದುತ್ತಾರೆ. ಓದಿ ಮುಗಿದ ಮೇಲೆ ಆ ತರಗತಿಯಲ್ಲಿ ಏಳುವ ಗಲಾಟೆಗೆ ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಮೊದಮೊದಲು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಹೋದ ಶನಿವಾರ ಮಾತ್ರ ಅವರು ತಡೆಯಲಾರದೆ ಬಾಗಿಲಿಗೆ ಬಂದು, "ಏನ್ರೀ ಮೇಡಂ, ಆ ಸೊಸೆದು ತಪ್ಪು ಅಂತೀರಾ ನೀವು?" ಅಂತ ಜಗಳಕ್ಕೇ ನಿಂತುಬಿಟ್ಟರಂತೆ.