ಪತ್ರಾದ ಮೇಲೆ ಎಸೆದ ದವಡೆಹಲ್ಲು

ನಾವು ಬೆಳೆದ ಭಾಂಡುಪಿನ ಸಾಲುಖೋಲಿಗಳ ಚಾಳ್ ಕೆಡವಿ ಅಲ್ಲೀಗ ದೊಡ್ಡ ಬಿಲ್ಡಿಂಗ್ ಎಬ್ಬಿಸಿದ್ದಾರೆ. ಅಲ್ಲಿದ್ದ ಹುಡುಗ ಹುಡುಗಿಯರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಬೆಳಗಾದರೆ ಸಾಕು, ಯಾರಾದರೊಬ್ಬರು "ಏನ್ ಚಂದ ಇದ್ದವು ಆ ದಿನ" ಎಂದು ಶುರು ಮಾಡುತ್ತಾರೆ. ಗ್ಯಾಲರಿಯಲ್ಲಿ ಆಡಿದ ಹಿಡಿಯೋ ಆಟ, ನಾಲಿಗೆ ನೀಲಿಯಾಗಿಸುತ್ತಿದ್ದ ಕಾಲಾ ಖಟ್ಟಾ ಐಸ್ ಗೋಲಾ, ಮೇ ತಿಂಗಳಲ್ಲಿ ಎಲ್ಲರ ಮನೆಯ ಹಪ್ಪಳ ಒಂದೇ ಚಾದರದ ಮೇಲೆ ಒಣಗುತ್ತಿದ್ದದ್ದು. ಎಲ್ಲ ನಿಜ. ನಾನೂ ಅಲ್ಲೇ ಇದ್ದೆನಲ್ಲ. ಆದರೆ ಆ ದಿನಗಳು ಎಂದ ಕೂಡಲೇ ನನಗೆ ನೆನಪಾಗುವುದು ನನ್ನ ಎಡದವಡೆ, ಅದರ ಹಿಂದೆಯೇ ಬರುವುದು ಸಿಟ್ಟು. ಎಲ್ಲರೂ ಸಿಹಿ ಹಂಚುವಾಗ ನಾನೊಬ್ಬಳು ಬೇವು ಹಂಚುವುದೇಕೆ ಎಂದು ಇಷ್ಟು ದಿನ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಾಯಿ, ನಮ್ಮ ಆಯಿ. ಮನೆ ಅಪ್ಪನದು, ಮಾತು ಆಯಿಯದು. ಆಯಿಗೆ ಬೆಳಗಾಗುತ್ತಿದ್ದದ್ದೇ ಮಶೇರಿಯಿಂದ. ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಹುರಿಯುವ ದಿನ ಅರ್ಧ ಚಾಳ್ ಸೀನುತ್ತಿತ್ತು. ಆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಬಚ್ಚಲ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರೆ ಚಹಾ ಆರಿ ಹೋಗುವವರೆಗೆ ಹಲ್ಲು ತಿಕ್ಕುತ್ತಿದ್ದಳು.

ತನ್ನ ಹಲ್ಲಿಗೆ ಇಷ್ಟು ಉಪಚಾರ ಮಾಡಿಕೊಳ್ಳುವವಳಿಗೆ ನನ್ನ ಹಲ್ಲು ಮಾತ್ರ ಲೆಕ್ಕಕ್ಕಿರಲಿಲ್ಲ. "ಹಾಲಹಲ್ಲು, ಬೀಳೂವು. ಅವಕ್ಯಾಕ ಬ್ರಶ್ಶು?" ಎನ್ನುವಳು. ನಾನು ಕೆಂಪು ಹಲ್ಲುಪುಡಿಯಿಂದ ಮುಂದಿನ ಹಲ್ಲುಗಳನ್ನಷ್ಟೇ ಉಜ್ಜಿ ಆಟಕ್ಕೆ ಓಡುತ್ತಿದ್ದೆ. ಮಲಗುವಾಗ ನಾನು ಗಲಾಟೆ ಮಾಡಿ ಅಪ್ಪನ ನಿದ್ದೆ ಕೆಡಿಸಬಾರದೆಂದು ಆಯಿ ನನ್ನ ದವಡೆಯಲ್ಲಿ ಒಂದು ಬೆಲ್ಲದ ಚೂರು ಇಡುತ್ತಿದ್ದಳು. ಅದು ಕರಗುವಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತಿದ್ದೆ. ಆ ಬೆಲ್ಲ ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ಇಯತ್ತೆಯ ಕೊನೆಗೆ ನಮ್ಮ ಶಾಲೆಗೆ ಹಲ್ಲಿನ ಡಾಕ್ಟರಮ್ಮ, ಚಾಳಿನವರ ಮಾತಿನಲ್ಲಿ ‘ಡಾಕ್ಟರ್ ಬಾಯಿ’, ಬಂದರು. ತಾಯಂದಿರನ್ನೂ ಕರೆಸಿದ್ದರು. ನನ್ನ ಬಾಯಿಗೆ ಸಣ್ಣ ಕನ್ನಡಿ ಹಿಡಿದು ಅವ್ವನನ್ನು ಹತ್ತಿರ ಕರೆದು ಮರಾಠಿಯಲ್ಲಿ ಬಿಡಿಸಿ ಹೇಳಿದರು: ಹಿಂದಿನ ಈ ದೊಡ್ಡ ಹಲ್ಲು ಹಾಲುಹಲ್ಲಲ್ಲ. ಆರನೆಯ ವರ್ಷಕ್ಕೆ ಎಲ್ಲ ಹಾಲುಹಲ್ಲುಗಳ ಹಿಂದೆ ಇದು ಹೊಸದಾಗಿ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದು ಇದಕ್ಕೆ ಜಾಗ ಮಾಡಿಕೊಡುವುದಿಲ್ಲ, ಆದ್ದರಿಂದ ಮನೆಯವರ ಗಮನಕ್ಕೇ ಬರುವುದಿಲ್ಲ. ಇದು ಹೋದರೆ ಇನ್ನೊಂದು ಬರುವುದಿಲ್ಲ. ಈಗ ಸಣ್ಣ ತೂತು ಬಿದ್ದಿದೆ, ತುಂಬಿಸಿಬಿಡಿ. ಮಲಗುವ ಮುಂಚೆ ನೀವೇ ಕೈಯಾರೆ ಬ್ರಶ್ ಮಾಡಿಸಿ, ಆಮೇಲೆ ನೀರು ಬಿಟ್ಟು ಏನೂ ಕೊಡಬೇಡಿ.

ಅವ್ವ ಮನೆಗೆ ಬಂದವಳೇ ಸೆರಗು ಸರಿಮಾಡಿಕೊಂಡು ಹೇಳಿದಳು, "ಅತ್ತ್ಯಾರ, ಇದು ಹಾಲಹಲ್ಲು ಅಲ್ಲಂತ್ರಿ. ತುಂಬಸ್ಬೇಕಂತ್ರಿ."

ಆಯಿ ನಕ್ಕುಬಿಟ್ಟಳು. "ಹಾಲಹಲ್ಲು ಬಿದ್ದಲ್ಲೆ ಗಟ್ಟಿ ಹಲ್ಲು ಬರೂದು. ಇಲ್ಲಿ ಯಾವ ಹಲ್ಲು ಬಿದ್ದೈತಿ? ಬಿದ್ದಿಲ್ಲ ಅಂದಮ್ಯಾಲ ಇದು ಹಾಲಹಲ್ಲ. ಇಷ್ಟು ಮಕ್ಕಳ್ನ ಹಡದಾಕಿಗೆ ನೀ ಹಲ್ಲಿನ ಪಾಠಾ ಹೇಳ್ತಿಯೇನ?"

ಆಯಿಯ ತರ್ಕದಲ್ಲಿ ಲೋಪವೇ ಇಲ್ಲ ನೋಡಿ. ಅಪ್ಪ ತಲೆಯಾಡಿಸಿದರು. ಹಲ್ಲು ತುಂಬಿಸುವ ಮಾತು ಅಲ್ಲಿಗೇ ಮುಗಿಯಿತು.

ಆದರೂ ಅವ್ವ ಒಂದು ಸಣ್ಣ ಬ್ರಶ್ ತಂದಳು. ಊಟವಾದ ಮೇಲೆ ನನ್ನನ್ನು ಬಚ್ಚಲಲ್ಲಿ ನಿಲ್ಲಿಸಿ, ಗದ್ದ ಹಿಡಿದೆತ್ತಿ, ತುದಿಯ ಹಲ್ಲಿನವರೆಗೂ ಉಜ್ಜುತ್ತಿದ್ದಳು. ಪುದೀನದ ವಾಸನೆ, ಅವಳ ಬೆರಳಿನ ಉಳ್ಳಾಗಡ್ಡಿ ವಾಸನೆ, ಎರಡೂ ಮೂಗಿಗೆ ಬರುತ್ತಿದ್ದವು. ಆಯಿ ಚಾಪೆಯ ಮೇಲಿಂದಲೇ, "ಹೊತ್ತು ಮುಳುಗಿದಮ್ಯಾಲ ಹಲ್ಲು ತಿಕ್ಕಿ ಯಾರ ಮುಂದ ಹಲ್ಲ ಕಿಸಿಯಾಕ ಹೊಂಟೀರಿ ತಾಯಿ ಮಗಳು?" ಎನ್ನುವಳು. ಅವ್ವ ಬಾಯಿ ತೊಳೆಸಿ ಕಳಿಸಿದರೆ ಆಯಿ ಮತ್ತೆ ಬೆಲ್ಲ ಇಡುತ್ತಿದ್ದಳು. ಅವ್ವ ನೋಡುತ್ತಿದ್ದಳು. ಬ್ರಶ್ ತೊಳೆದಿಡುತ್ತಿದ್ದಳು. ಕೆಲವು ದಿನಗಳಲ್ಲಿ ಆ ಬ್ರಶ್ ತವೆ ಉಜ್ಜುವ ಕೆಲಸಕ್ಕೆ ಹೋಯಿತು.

ಮೇ ತಿಂಗಳಲ್ಲಿ ನೋವು ಶುರುವಾಯಿತು. ಗೋಲಾ ಬಾಯಿಗಿಟ್ಟರೆ ನೆತ್ತಿಯವರೆಗೆ ಸೆಳೆತ. ನಾನು ಅತ್ತದ್ದಕ್ಕೆ ಆಯಿ ಮಾಡಿದ್ದೇನು ಗೊತ್ತೆ? ತನ್ನ ಮಶೇರಿಯನ್ನು ನನ್ನ ತೂತಿಗೆ ತುಂಬಿದಳು. ತಲೆ ಗಿರ್ರೆಂದಿತು, ವಾಂತಿಯಾಯಿತು, ನೋವು ತುಸು ಹೊತ್ತು ಮರಗಟ್ಟಿತು. "ನೋಡ, ನಿನ್ನ ಡಾಕ್ಟರ್ ಬಾಯಿಗಿಂತ ಇದು ಪಾಡ ಐತಿ" ಎಂದು ಅವ್ವನ ಕಡೆ ತಿರುಗಿ ಹೇಳಿದಳು. ಎಂಟು ವರ್ಷದ ಕೂಸಿನ ಬಾಯಿಗೆ ತಂಬಾಕು! ನೋವು ಬಂದಾಗಲೆಲ್ಲ ಅದೇ ಮದ್ದು. ನಾಲ್ಕು ದಿನದಲ್ಲಿ ಡಬ್ಬಿಯನ್ನು ನಾನೇ ಕೇಳುವಂತಾದೆ.

ಕೊನೆಗೆ ಗಲ್ಲ ಊದಿ ಕಣ್ಣು ಮುಚ್ಚಿಹೋಯಿತು. ಅಪ್ಪ ಸ್ಟೇಷನ್ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಅಪ್ಪನಿಗೆ ಏನೇನೋ ಹೇಳಿದರು. ನನಗೆ ನೆನಪಿರುವುದು ಪಾಳಿಗೆ ಹೊತ್ತಾಯಿತೆಂದು ಅವಸರದಲ್ಲಿದ್ದ ಅಪ್ಪನ ಮಾತು ಒಂದೇ: "ದೂಧ್ ಕಾ ದಾಂತ್ ಹೈ ಸಾಬ್, ನಿಕಾಲ್ ದೋ."

ಹಾಲುಹಲ್ಲು, ಕಿತ್ತುಬಿಡಿ ಎಂದರು ಅಪ್ಪ; ತೆಗೆದರು. ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟರು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಮುಚ್ಚಿ ಮಾಳಿಗೆಯ ಮೇಲೆ ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆಯಿ ಎಮ್ಮೆ ತಬೇಲೆಯಿಂದ ಸಗಣಿ ತರಿಸಿದಳು. ಹತ್ತಿ ಬಿಡಿಸಿದಾಗ ಹಲ್ಲಿನ ಕೆಳಗೆ ಎರಡು ಬೇರು ಇದ್ದವು. ತಾನಾಗಿ ಬೀಳುವ ಹಾಲುಹಲ್ಲಿಗೆ ಬೇರು ಉಳಿದಿರುವುದಿಲ್ಲ, ಸವೆದು ಹೋಗಿರುತ್ತದೆ. ನನಗಿಂತ ಮುಂಚೆ ಎಷ್ಟೋ ಮಕ್ಕಳ ಹಲ್ಲು ಎಸೆದವಳಿಗೆ ಅದು ಕಾಣಲಿಲ್ಲವೇ? "ಬೇರು ಎಷ್ಟ ಗಟ್ಟಿ ಅದಾವ ನೋಡ್ರಿ" ಎಂದು ಮೆಚ್ಚಿಕೊಂಡು ಸಗಣಿಯಲ್ಲಿ ಮುಚ್ಚಿದಳು. ನನ್ನ ಕೈಯಿಂದಲೇ ಚಾಳಿನ ಪತ್ರಾದ ಮೇಲೆ, ಆ ತಗಡಿನ ಮಾಡಿನ ಮೇಲೆ, ಎಸೆಸಿದಳು. ಟಣ್ ಎಂದಿತು. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು. ಅವ್ವ ಬಾಗಿಲಲ್ಲಿ ನಿಂತಿದ್ದಳು.

ನಾನು ಕಾದೆ. ನಾಲಿಗೆ ತುದಿಯಿಂದ ಆ ಕುಳಿಯನ್ನು ತಡವಿ ತಡವಿ ಕಾದೆ. ಉಳಿದ ಹಾಲುಹಲ್ಲುಗಳೆಲ್ಲ ಬಿದ್ದು ಹೊಸವು ಹುಟ್ಟಿದವು. "ಬರ್ತೈತಿ ತಡಿ" ಎನ್ನುತ್ತಲೇ ಆಯಿ ತೀರಿಕೊಂಡಳು. ಅವಳಿಗಾಗಿ ಅತ್ತಿದ್ದೇನೆ. ಅವಳ ಮೇಲಿನ ಸಿಟ್ಟು ಅದರಿಂದೇನೂ ಕಡಿಮೆಯಾಗಿಲ್ಲ.

ಮೊನ್ನೆ ಮಗಳ ಹಲ್ಲು ತೋರಿಸಲು ಮುಲುಂಡಿನ ಕ್ಲಿನಿಕ್ಕಿಗೆ ಹೋಗಿದ್ದೆ. ಅವ್ವನೂ ಜೊತೆಗಿದ್ದಳು. ಮಗಳ ಹೆದರಿಕೆ ಹೋಗಲೆಂದು ಡಾಕ್ಟರ್ ಹುಡುಗಿ ಮೊದಲು ನನ್ನ ಬಾಯಿ ನೋಡಿದಳು. ಕೆಳಗಿನ ಹಲ್ಲು ಇಲ್ಲದ್ದರಿಂದ ಅದರ ಎದುರಿನ ಮೇಲಿನ ಹಲ್ಲು ವರ್ಷಗಳಿಂದ ಇಳಿಯುತ್ತ ಇಳಿಯುತ್ತ ಕೆಳಗಿನ ವಸಡಿಗೆ ತಾಗುತ್ತಿದೆಯಂತೆ. ಒಂದು ಚೂರೂ ಹುಳುಕಿಲ್ಲದ ಹಲ್ಲು. ಅದನ್ನೂ ತೆಗೆಯಬೇಕು. ಪಕ್ಕದ್ದು ಆಗಲೇ ವಾಲಿದೆ. ಕಬ್ಬು, ಕಡಲೆ, ಒಣ ರೊಟ್ಟಿ, ಯಾವುದನ್ನೂ ನಾನು ಎಡಕ್ಕೆ ಅಗಿದು ತಿಂದದ್ದೇ ನೆನಪಿಲ್ಲ. "ಅಷ್ಟು ಚಿಕ್ಕವಳಿದ್ದಾಗ ತೆಗೆಸಿದರಾ? ಯಾರೂ ಹೇಳಲಿಲ್ಲವಾ?" ಎಂದು, ನಾನು ಆಗಿನ ವಯಸ್ಸು ಹೇಳಿದ ಮೇಲೆ, ಡಾಕ್ಟರ್ ಹಿಂದಿಯಲ್ಲಿ ಕೇಳಿದಳು.

ಅವ್ವ ನೆಲ ನೋಡುತ್ತ ಕನ್ನಡದಲ್ಲಿ ಅಂದಳು, "ಹೇಳಿದ್ದೆ. ಮೆಲ್ಲಕ ಹೇಳಿದ್ದೆ."

ಆಮೇಲೆ ಮಗಳ ಸರದಿ. ಅವಳು ಕುರ್ಚಿಯಲ್ಲಿ ಕೂತು ತುಟಿ ಬಿಗಿದು, "ನಹೀ ಕರೂಂಗೀ" ಎಂದು ಹಟ ಹಿಡಿದಳು. ಅವ್ವ ಎದ್ದಳು. "ಬಾಯಿ ತಗೀತೀಯೋ ಇಲ್ಲೋ!" ಎಂದು ಗುಡುಗಿದಳು. ಹೊರಗೆ ಕೂತಿದ್ದವರು ಬಾಗಿಲಲ್ಲಿ ಬಂದು ಇಣುಕಿದರು. ಮಗಳು ಬೆದರಿ ಬಾಯಿ ತೆರೆದಳು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ದನಿ ನಿನ್ನ ಹತ್ತಿರ ಇತ್ತೇನವ್ವಾ? ಇದ್ದೂ ಆವತ್ತು ಬಾಗಿಲಲ್ಲಿ ನಿಂತಿದ್ದೆಯಾ?